ಬಾರಿನ ಮುಂದೆ ನಿಂತ ಚುಕ್ಕೆ

ಕಸದ ಗಾಡಿ ಓಡಿಸುವ ಮೆಲ್ಲಣ್ಣನಿಗೆ ಆ ಹೆಸರು ಬಂದದ್ದು ಗಾಡಿಯ ವೇಗದಿಂದ. ಅಪ್ಪ ಅಮ್ಮ ಇಟ್ಟ ಹೆಸರು ಹಿಡಿದು ಕೂಗಿದರೆ ಅವನೇ ತಿರುಗಿ ನೋಡುವುದಿಲ್ಲ. ಕೆಮ್ಮಿನ ಔಷಧಿಯ ವಾಸನೆಗೇ ತಲೆ ತಿರುಗುವ ಆಸಾಮಿ. ಅಂಥವನ ಮೇಲೆ, ಕೆಲಸ ಕಾಯಂ ಆಗಬೇಕಾದ ತಿಂಗಳಲ್ಲೇ, ಕುಡುಕನೆಂಬ ದೂರು ಬಂತು.

ದೂರು ಕೊಟ್ಟದ್ದು ಕಚೇರಿಯ ಪರದೆಯ ಮೇಲಿನ ಕೆಂಪು ಚುಕ್ಕೆ. ಗಾಡಿಯ ಜಿಪಿಎಸ್ ಡಬ್ಬಿ ಕಳಿಸಿದ ಲೆಕ್ಕದ ಪ್ರಕಾರ ಮೆಲ್ಲಣ್ಣ ದಿನಾ ಬೆಳಿಗ್ಗೆ ಕೊನೆಯ ಬೀದಿ ಶುರುವಾಗುವ ಮೂಲೆಯಲ್ಲಿರುವ ಬಾರಿನ ಮುಂದೆ ಅರ್ಧ ಗಂಟೆ ಠಿಕಾಣಿ ಹೂಡುತ್ತಿದ್ದ.

"ಬೆಳಬೆಳಿಗ್ಗೆನೇ ಶುರು ಹಚ್ಕೊಂಡ್ಯೇನಯ್ಯಾ?" ಎಂದ ಮೇಲ್ವಿಚಾರಕ.

"ನಾನು ಬೀದಿ ಒಳಗಿದ್ದೆ ಸಾರ್. ಆ ಹೊಸ ಟವರ್ ಹತ್ರ ಹೋದ್ರೆ ಡಬ್ಬಿಗೆ ಕಿವಿ ಕೇಳ್ಸಲ್ಲ."

ಟವರು ಹತ್ತುವ ಕೆಲಸಗಾರನೇ ಅವನಿಗೆ ಬಿಡಿಸಿ ಹೇಳಿದ್ದ. ಉಪಗ್ರಹ ಎಲ್ಲೋ ಆಕಾಶದಿಂದ ಪಿಸುಗುಟ್ಟುತ್ತದೆ. ಈ ಬ್ರಾಡ್‌ಬ್ಯಾಂಡ್ ಟವರು ಪಕ್ಕದ ತರಂಗಾಂತರದಲ್ಲೇ ಗಂಟಲು ಹರಿಯುವಂತೆ ಕಿರುಚುತ್ತದೆ. ಪಾಪದ ಡಬ್ಬಿ, ಕೊನೆಯ ಸಲ ಕೇಳಿಸಿಕೊಂಡ ಜಾಗವನ್ನೇ ಹಿಡಿದು ಕೂರುತ್ತದೆ. ಆ ಜಾಗ ಬಾರು.

ಬೀದಿಗೆ ಹೋದರೆ ಕುಡುಕ, ಹೋಗದಿದ್ದರೆ ಕೆಲಸಗಳ್ಳ.

"ಹೇಗೂ ಬೈಸ್ಕೊಳ್ತೀರ, ಕುಡಿದಾದ್ರೂ ಬೈಸ್ಕೋಬಾರ್ದಾ?" ಎಂದಳು ಹೆಂಡತಿ. ನಗಿಸಲೆಂದೇ ಅಂದದ್ದು, ಇಬ್ಬರಿಗೂ ನಗು ಬರಲಿಲ್ಲ.

ಕೊನೆಗೆ ಮೆಲ್ಲಣ್ಣ ಮೇಲ್ವಿಚಾರಕನ ಕೈಕಾಲು ಹಿಡಿದು, "ಒಂದು ದಿನ ನೀವೇ ಬಂದು ನೋಡಿ ಸಾರ್" ಎಂದ. ಆತ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಂದು ಪಕ್ಕದ ಸೀಟಿನಲ್ಲಿ ಮುದುಡಿ ಕೂತ. ಗಾಡಿ ಬೀದಿಯ ನಡುಮಧ್ಯ ತಲುಪಿತ್ತು. ಮೇಲ್ವಿಚಾರಕನಿಗೆ ಕಚೇರಿಯಿಂದ ಫೋನು ಬಂತು. ದೊಡ್ಡ ಸಾಹೇಬರ ದನಿ ಹೊರಗಿನ ಬಕೆಟ್ಟುಗಳಿಗೂ ಕೇಳಿಸುವಂತಿತ್ತು.

"ಏನ್ರೀ, ಗಾಡಿ ಬಾರ್ ಮುಂದೆ ನಿಂತಿದೆ! ನೀವೂ ಅದ್ರಲ್ಲೇ ಹೋಗ್ತೀನಿ ಅಂದಿದ್ರಲ್ಲ?"

ಮೇಲ್ವಿಚಾರಕ ಕಿಟಕಿಯಾಚೆ ನೋಡಿದ. ಕಣ್ಣೆದುರಿಗೆ ಟವರು. ಬಾರು, ಅದರ ಬೋರ್ಡು ಸಹ ಕಾಣದಷ್ಟು ಹಿಂದೆ ಉಳಿದಿತ್ತು. ಸದ್ಯ, ಒಬ್ಬ ಸಾಕ್ಷಿಯಾದರೂ ಸಿಕ್ಕಿದನಲ್ಲ ಎಂದು ಮೆಲ್ಲಣ್ಣನಿಗೆ ಹೋದ ಜೀವ ಬಂದಂತಾಯಿತು. ಹೇಳಿ ಸಾರ್, ಹೇಳಿ, ಎಂದು ಕೈಸನ್ನೆ ಮಾಡಿದ.

ಮೇಲ್ವಿಚಾರಕ ಮೂಗಿನ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡ.

"ಇಲ್ಲ ಸಾರ್... ನಾನು ಆಗ್ಲೇ ಇಳಿದ್ಬಿಟ್ಟೆ. ಗಾಡೀಲಿ ಅವನೊಬ್ಬನೇ ಇರೋದು."

ಯಾರೋ ಅಜ್ಜಿ ಗಾಡಿಯ ಬಾಗಿಲು ತಟ್ಟಿದಳು. "ಯಾಕೋ ಮೆಲ್ಲಣ್ಣ, ಇಲ್ಲೇ ಬೇರು ಬಿಟ್ಯಾ? ಮುಂದಕ್ಕೆ ಬಾರೋ."

ಮೆಲ್ಲಣ್ಣ ಗೇರು ಹಾಕಿದ. ಬೀದಿ ಮುಗಿಯುವವರೆಗೂ, ಆಗಲೇ ಇಳಿದುಹೋದ ಮನುಷ್ಯನ ಭುಜ ಅವನ ಭುಜಕ್ಕೆ ತಾಗುತ್ತಲೇ ಇತ್ತು.