ಮೂರು ಮರಕ್ಕೊಮ್ಮೆ

ನೊಣವಿನಕೆರೆಯ ಬೋರಯ್ಯನ ಹೃದಯ ಹುಟ್ಟಿನಿಂದಲೇ ಸರಿಯಿರಲಿಲ್ಲ. ಮೂವತ್ತರ ಗಂಡಸು, ತೋಟದಲ್ಲಿ ಏಳು ತೆಂಗಿನ ಮರ ದಾಟುವಷ್ಟರಲ್ಲಿ ತುಟಿ ನೇರಳೆ ಹಣ್ಣು ತಿಂದವನಂತೆ ಕಪ್ಪಿಟ್ಟು, ಕುಕ್ಕರಗಾಲಲ್ಲಿ ಕೂತು ಸುಧಾರಿಸಿಕೊಳ್ಳುತ್ತಿದ್ದ. ಎಪ್ಪತ್ತೆಂಟನೇ ಇಸವಿಯಲ್ಲಿ ಆ ಏಳು ಐದಾಯಿತು, ಎಂಬತ್ತರ ಹೊತ್ತಿಗೆ ಮೂರು. ಡಾಕ್ಟರ ಚೀಟಿಗಿಂತ ಈ ಮರಗಳ ಲೆಕ್ಕವೇ ಅವನ ಅಕ್ಕ ಹೊಂಬಾಳಮ್ಮನಿಗೆ ಚೆನ್ನಾಗಿ ತಿಳಿಯುತ್ತಿತ್ತು.

ಆದರೂ ಒಂದು ಬೆಳಿಗ್ಗೆ, ಕಾಯಿ ಕೀಳುವವರು ಕಾಯುತ್ತಿದ್ದಾರೆಂಬ ಸಿಡುಕಿನಲ್ಲಿ, "ಏಳ್ಲಾ, ಇನ್ನೆಷ್ಟೊತ್ತು ಕೂತ್ಕತೀಯ?" ಎಂದುಬಿಟ್ಟಳು. ಅವನು ಎದ್ದ. ಎಲ್ಲೂ ಕೂರದೆ ಹತ್ತು ಮರ ದಾಟಿ, ಹನ್ನೊಂದನೆಯದರ ಬುಡದಲ್ಲಿ ಕುಸಿದವನು ಮತ್ತೆ ಏಳಲಿಲ್ಲ.

ಈಗಲೂ ಹೊಂಬಾಳಮ್ಮ ತೋಟದಲ್ಲಿ ಮೂರು ಮರಕ್ಕೊಮ್ಮೆ ನಿಲ್ಲುತ್ತಾಳೆ. "ಯಾಕಮ್ಮಾ ನಿಂತ್ಬುಟ್ರಿ?" ಎಂದು ಆಳುಗಳು ಕೂಗಿದರೆ, ಮರದ ಬುಡವನ್ನೇ ನೋಡುತ್ತಾ ಹೇಳುತ್ತಾಳೆ: "ತಡೀರಪ್ಪ, ಅವನಿನ್ನೂ ಎದ್ದಿಲ್ಲ."