ಹೆಪ್ಪು ಯಾರ ಮನೆಯದು?

ನನ್ನ ಹೊಟ್ಟೆಯಲ್ಲಿ ನಾನೊಬ್ಬನೇ ಇಲ್ಲ ಎಂಬ ಸುದ್ದಿ ನನಗೆ ತಿಳಿದದ್ದು ನಿವೃತ್ತಿಯಾದ ಮೇಲೆ. ಶೇಡಬಾಳದ ಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವನು ನಾನು. ಸೂಕ್ಷ್ಮಜೀವಿ ಎಂದರೆ ಶತ್ರು, ಉಗುರಿನ ಸಂದಿಯಲ್ಲಿ ಅಡಗಿ ಕೂತು ಹೊಟ್ಟೆಗೆ ಹೋಗಲು ಹೊಂಚು ಹಾಕುವ ಕಳ್ಳ, ಎಂದು ಕೋಲು ತೋರಿಸಿ ತೋರಿಸಿ ಹೇಳಿದ್ದೇನೆ. ಅವೇ ಎಣಿಕೆಗೆ ಸಿಗದಷ್ಟು ಸಂಖ್ಯೆಯಲ್ಲಿ ನನ್ನ ಕರುಳಿನಲ್ಲಿ ಹುಟ್ಟಿದಾಗಿನಿಂದ ಸಂಸಾರ ಹೂಡಿವೆ, ನಾನು ತಿಂದ ಜೋಳದ ರೊಟ್ಟಿಯಲ್ಲಿ ನನ್ನಿಂದ ಅರಗದ್ದನ್ನು ಅವು ಅರಗಿಸುತ್ತವೆ, ಎಂದು ಗೊತ್ತಾದಾಗ ನನಗೆ ನಿಜಕ್ಕೂ ನಾಚಿಕೆಯಾಯಿತು. ಮನೆಯಲ್ಲೇ ಇದ್ದು ದುಡಿಯುವವರನ್ನು ಇಷ್ಟು ವರ್ಷ ಊರ ಮಕ್ಕಳ ಮುಂದೆ ಬೈದಿದ್ದೆನಲ್ಲ!

ಈ ಜ್ಞಾನೋದಯ ಮಾಡಿಸಿದ್ದು ನಮ್ಮೂರಿಗೆ ಬಂದ ಒಂದು ಸಂಶೋಧನಾ ತಂಡ. ಜನರ ಊಟ, ಅವರ ಹೊಟ್ಟೆಯೊಳಗಿನ ಜೀವಿಗಳು, ಅವರ ಆರೋಗ್ಯ, ಈ ಮೂರಕ್ಕೂ ಏನು ಸಂಬಂಧ ಎಂದು ನೋಡುವುದು ಅವರ ಕೆಲಸ. ತಂಡದಲ್ಲಿ ಸೂಕ್ಷ್ಮಜೀವಿಗಳ ಮೇಡಂ ಒಬ್ಬರು, ಲೆಕ್ಕ ಹಾಕುವ ಸಾಹೇಬರೊಬ್ಬರು, ರಕ್ತ ತೆಗೆಯುವ ಡಾಕ್ಟರೊಬ್ಬರು. ಇವರೆಲ್ಲರ ಜೊತೆ ಸಮಾಜಶಾಸ್ತ್ರ ಓದಿದ ಅನಿತಾ ಎಂಬ ಮೈಸೂರು ಕಡೆಯ ಹುಡುಗಿ. ಹೊಟ್ಟೆಯ ವಿಷಯದಲ್ಲಿ ಸಮಾಜಶಾಸ್ತ್ರಕ್ಕೇನು ಕೆಲಸ ಎಂದು ನಾನು ಮನಸ್ಸಿನಲ್ಲೇ ನಕ್ಕಿದ್ದೆ. ಆ ನಗುವನ್ನು ಆಮೇಲೆ ಬಡ್ಡಿ ಸಮೇತ ವಾಪಸು ಕೊಡಬೇಕಾಯಿತು.

ನಮ್ಮ ಓಣಿಯ ಹದಿನೆಂಟು ಮನೆಗಳಿಂದ ಮಾದರಿ ಸಂಗ್ರಹಿಸುವ ಹೊಣೆ ನನ್ನ ಹೆಗಲಿಗೆ ಬಿತ್ತು. ಓಣಿಯ ಅರ್ಧ ಜನ ನನ್ನ ಶಿಷ್ಯರು. ಉಳಿದರ್ಧ ಜನ ಶಿಷ್ಯರ ತಂದೆ ತಾಯಿ. ಮೊದಲು ಕೇಳಿದ್ದು ಮಲದ ಮಾದರಿ. ಚಿಕ್ಕ ಚಿಕ್ಕ ಡಬ್ಬಿಗಳನ್ನು ಹಿಡಿದು ಮನೆ ಮನೆಗೆ ಹೋದಾಗ ಹೆಂಗಸರು ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕರು, ಗಂಡಸರು ಆಕಾಶ ನೋಡಿದರು. ಒಂದು ದಿನ ಬಸ್‌ ನಿಲ್ದಾಣದಲ್ಲಿ ಹತ್ತು ಜನರ ನಡುವೆ ನಾನು ಅಥಣಿ ಬಸ್ಸಿಗೆ ಕಾಯುತ್ತಿದ್ದೆ. ರಸ್ತೆಯ ಆ ಕಡೆಯಿಂದ ನನ್ನ ಹಳೆಯ ಶಿಷ್ಯನೊಬ್ಬ ಕೂಗಿದ: “ಮಾಸ್ತರ, ನಂದು ಇವತ್ತ ಆಗಿಲ್ರಿ, ನಾಳಿ ಖರೇ ಕೊಡ್ತೀನ್ರಿ!” ಶಾಲೆಯಲ್ಲಿದ್ದಾಗ ಹೋಂವರ್ಕಿನ ವಿಷಯದಲ್ಲೂ ಅವನು ಹೀಗೆಯೇ ಹೇಳುತ್ತಿದ್ದ. ಈ ಸಲ ಮಾತ್ರ ಮಾತು ಉಳಿಸಿಕೊಂಡ.

ಎರಡನೆಯದು ಮೊಸರು. ಪ್ರತಿ ಮನೆಯ ಮೊಸರನ್ನು ಒಂದೊಂದು ಚಮಚ ಪುಟ್ಟ ಶೀಸೆಯಲ್ಲಿ ತುಂಬಿ, ಮನೆಯ ನಂಬರು ಅಂಟಿಸಿ, ಜೊತೆಗೊಂದು ಫಾರ್ಮು ತುಂಬಬೇಕು. ಒಂದೊಂದು ಮನೆಯ ಮೊಸರಲ್ಲೂ ಬೇರೆ ಬೇರೆ ಜೀವಿಗಳ ಬಳಗವಿರಬಹುದು, ಅದನ್ನು ನೋಡಬೇಕು, ಎಂದರು ಮೇಡಂ. ಫಾರ್ಮಿನಲ್ಲಿ ಒಂದು ಪ್ರಶ್ನೆ: ಹಾಲಿಗೆ ಹಾಕಿದ ಹೆಪ್ಪು ಎಲ್ಲಿಯದು? ಮನೆಯದೋ, ಬೇರೆಯವರಿಂದ ತಂದದ್ದೋ, ಅಂಗಡಿಯದೋ? ಹದಿನೆಂಟು ಮನೆಯಲ್ಲೂ ಒಂದೇ ಉತ್ತರ: “ನಮ್ಮ ಮನೀದ ಐತ್ರಿ.” ನನ್ನ ಹೆಂಡತಿ ಶಾಂತಾ ಕೂಡ ಹಾಗೆಯೇ ಹೇಳಿದಳು. ನಾನು ಹದಿನೆಂಟು ಕಡೆ ಒಂದೇ ಜಾಗದಲ್ಲಿ ಗುರುತು ಹಾಕಿ, ಕೆಳಗೆ ಠಸ್ಸೆಯಂತೆ ದುಂಡಗೆ ಸಹಿ ಮಾಡಿ ಕಳಿಸಿದೆ.

ಕೆಲವು ತಿಂಗಳ ನಂತರ ಲೆಕ್ಕದ ಸಾಹೇಬರ ಫೋನು ಬಂತು. ದನಿ ಬಹಳ ಸೌಜನ್ಯದ್ದು. ನಿಮ್ಮ ಹದಿನೆಂಟು ಶೀಸೆಗಳಲ್ಲಿ ಹದಿನೇಳರಲ್ಲಿ ಒಂದೇ ಬಳಗ ಸಿಕ್ಕಿದೆ, ಹದಿನೆಂಟನೆಯದು ಏನೋ ಕೆಟ್ಟಂತಿತ್ತು, ಪಕ್ಕಕ್ಕಿಟ್ಟಿದ್ದೇವೆ, ಎಂದರು. ಮುಂದುವರಿದು, “ಮನೆ ಮನೆ ತಿರುಗುವುದು ಕಷ್ಟ, ನನಗೆ ಅರ್ಥವಾಗುತ್ತೆ ಸರ್. ಅನುಕೂಲಕ್ಕೆ ಅಂತ ಒಂದೇ ಕಡೆ ತುಂಬಿಸಿದ್ದರೆ ಹೇಳಿಬಿಡಿ, ನಾವೇನೂ ತಿಳಿದುಕೊಳ್ಳಲ್ಲ,” ಎಂದರು.

ನನಗೆ ಕಿವಿ ಬಿಸಿಯಾಯಿತು. ಏಕೆಂದರೆ ಆ ವಾಕ್ಯ ನನ್ನದೇ! ಪರೀಕ್ಷೆಯಲ್ಲಿ ಎರಡು ಉತ್ತರ ಪತ್ರಿಕೆ ಒಂದೇ ಥರ ಕಂಡರೆ ನಾನು ಹುಡುಗರನ್ನು ಕರೆದು ಹೀಗೆಯೇ ಬೆಣ್ಣೆಯಂಥ ದನಿಯಲ್ಲಿ ಕೇಳುತ್ತಿದ್ದೆ. “ಹೇಳಿಬಿಡು, ನಾನೇನೂ ಅನ್ನೂದಿಲ್ಲ.” ಕಾಪಿ ಹಿಡಿಯುವುದರಲ್ಲಿ ಕಾಗವಾಡ ತಾಲೂಕಿನಲ್ಲೇ ಹೆಸರಾದವನು ಈಗ ಮುಪ್ಪಿನಲ್ಲಿ ಕಾಪಿ ಮಾಡಿ ಸಿಕ್ಕಿಬಿದ್ದಂತಾಗಿತ್ತು. ನಾನು ಹದಿನೆಂಟು ಹೊಸ್ತಿಲು ತುಳಿದದ್ದು ಖರೆ. ಆದರೆ ಅದಕ್ಕೆ ಸಾಕ್ಷಿ ಏನು? ನಮ್ಮ ಓಣಿಯನ್ನೇ ಸಂಶೋಧನೆಯಿಂದ ಕೈಬಿಡುವ ಯೋಚನೆಯಿದೆ, ಕೊನೆಯದಾಗಿ ಒಮ್ಮೆ ಬಂದು ನೋಡುತ್ತೇವೆ, ಎಂದರು ಸಾಹೇಬರು. ಡಬ್ಬಿ ತುಂಬಿಕೊಟ್ಟ ಜನರ ಮುಂದೆ ನಾನು ಯಾವ ಮುಖ ಇಟ್ಟುಕೊಂಡು ಓಡಾಡಲಿ? ಆ ವಾರ ನಾನು ಮೊಸರೇ ಉಣ್ಣಲಿಲ್ಲ. ಶಾಂತಾ ಬಡಿಸಲು ಬಂದರೆ ಅದನ್ನು ವೈರಿಯಂತೆ ನೋಡುತ್ತಿದ್ದೆ.

ತಂಡ ಬಂತು. ಸಾಹೇಬರು ನನ್ನ ಫಾರ್ಮುಗಳನ್ನು ಕಟ್ಟೆಯ ಮೇಲೆ ಹರಡಿಕೊಂಡು ಕೂತರು. ಹದಿನೆಂಟು ಮನೆಯ ಹೆಪ್ಪೂ ಅವರವರ ಮನೆಯದೇ ಆದರೆ ಮೊಸರೆಲ್ಲ ಒಂದೇ ಆಗುವುದು ಹೇಗೆ ಎಂಬುದು ಅವರ ಪ್ರಶ್ನೆ. ಅನಿತಾ ಮಾತ್ರ ಫಾರ್ಮು ಮುಟ್ಟಲಿಲ್ಲ. ಸೀದಾ ನಮ್ಮ ಅಡುಗೆಮನೆಗೆ ಹೋಗಿ, ಶಾಂತಾಳ ಪಕ್ಕದಲ್ಲಿ ಮೆಂತ್ಯಸೊಪ್ಪು ಬಿಡಿಸುತ್ತ, “ಅಮ್ಮ, ಎಂದಾದರೂ ಹೆಪ್ಪು ತೀರಾ ಹುಳಿಯಾದರೆ, ಬೆಕ್ಕು ಕುಡಿದುಬಿಟ್ಟರೆ, ಏನು ಮಾಡ್ತೀರಿ?” ಎಂದು ಕೇಳಿದಳು.

“ಏನ್ ಮಾಡೂದವ್ವಾ? ಬಾಜೂಕ ಹೋಗಿ ಒಂದ್ ಚಮಚ ತರ್ತೀನಿ.”

“ಫಾರ್ಮಲ್ಲಿ ನಮ್ಮ ಮನೆಯದೇ ಅಂದಿದ್ದೀರಲ್ಲ?”

ಶಾಂತಾ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಆ ಹುಡುಗಿಯನ್ನು ಕನಿಕರದಿಂದ ನೋಡಿದಳು. “ತಂದು ನಮ್ಮ ಹಾಲಿಗೆ ಹಾಕಿದ ಮ್ಯಾಲ ನಮ್ದ ಆತಲ್ಲಬೇ!”

ಬಾಗಿಲಲ್ಲಿ ನಿಂತಿದ್ದ ನನಗೆ ನಗುವೂ ಬಂತು, ಸಿಟ್ಟೂ ಬಂತು. ಮೂವತ್ತೈದು ವರ್ಷದ ಸಂಸಾರದಲ್ಲಿ ನಾನು ಕೇಳಬೇಕಾದ ರೀತಿಯಲ್ಲಿ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ ಎಂದಾಯಿತು.

ಅನಿತಾ ಮನೆಯಿಂದ ಮನೆಗೆ ಹೋದಳು, ಹಿಂದೆ ನಾವೆಲ್ಲ. ನಾವು ತಂದದ್ದು ಪಕ್ಕದ ಮನೆಯಿಂದ, ಅವರು ತಂದದ್ದು ಆಚೆ ಮನೆಯಿಂದ, ಮರಾಠಿ ಮಾತಾಡುವ ಮೂಲೆ ಮನೆಯವರು ಹೆಪ್ಪನ್ನು ವಿರಜಣ ಎಂದು ಕರೆದು ತಮ್ಮ ಮನೆಯದೇ ಎಂದು ವಾದಿಸಿ, ಆಮೇಲೆ ನೆನಪಿಸಿಕೊಂಡು ನಾಲಿಗೆ ಕಚ್ಚಿಕೊಂಡರು. ಅನಿತಾ ತನ್ನ ವಹಿಯಲ್ಲಿ ಗೆರೆ ಎಳೆಯುತ್ತ ಹೋದಂತೆ ಎಲ್ಲ ಗೆರೆಗಳೂ ಹೋಗಿ ಒಂದು ಮನೆಯಲ್ಲಿ ನಿಂತವು. ಎರಡು ಎಮ್ಮೆ ಕಟ್ಟಿಕೊಂಡ ಹಸೀನಾಬಿಯ ಮನೆ. ಅವಳ ಹೆಪ್ಪು ಅವಳ ಅತ್ತೆಯ ಕಾಲದಿಂದಲೂ ಕೆಟ್ಟಿಲ್ಲವಂತೆ. ಓಣಿಯ ಲಿಂಗಾಯತರು, ಮರಾಠರು, ಕುರುಬರು, ಮುಸಲ್ಮಾನರು ಎಲ್ಲರೂ ತಮ್ಮ ತಮ್ಮ ಮನೆಯದೆಂದು ಉಣ್ಣುತ್ತಿದ್ದದ್ದು ಈ ಒಂದೇ ಗಡಿಗೆಯ ಸಂತಾನವನ್ನು.

ಲೆಕ್ಕದ ಸಾಹೇಬರು ಇನ್ನೂ ಪೂರ್ತಿ ಒಪ್ಪಿರಲಿಲ್ಲ. ಇದು ಸಾಧ್ಯತೆ, ಸಾಕ್ಷಿಯಲ್ಲ, ಎಂದರು. ಮಾತು ಸರಿಯಾದದ್ದೇ, ನಾನಾದರೂ ಅದನ್ನೇ ಅನ್ನುತ್ತಿದ್ದೆ. ಆಗ ನನಗೆ ಹದಿನೆಂಟನೆಯ ಶೀಸೆಯ ನೆನಪಾಯಿತು. ಕೆಟ್ಟಿದೆ ಎಂದು ಪಕ್ಕಕ್ಕಿಟ್ಟದ್ದು ಯಾವ ಮನೆಯದು ಎಂದು ಕೇಳಿದೆ. ಸಾಹೇಬರು ನಂಬರು ನೋಡಿ ಹೇಳಿದರು: ಪದ್ಮಾಬಾಯಿ ಅಜ್ಜಿಯ ಮನೆ.

ಪದ್ಮಾಬಾಯಿ ಅಜ್ಜಿ ನಮ್ಮ ಓಣಿಯ ಜೈನ ಮನೆಯ ಹಿರಿಯಳು. ಸೂರ್ಯ ಮುಳುಗಿದ ಮೇಲೆ ನೀರೂ ಮುಟ್ಟದವಳು. ನಾವೆಲ್ಲ ಅವಳ ಕಟ್ಟೆಯ ಮುಂದೆ ನೆರೆದು ಹೆಪ್ಪು ಎಲ್ಲಿಂದ ತರುತ್ತೀ ಎಂದಾಗ ಅವಳಿಗೆ ನಗು. “ಹೆಪ್ಪ ಎಲ್ಲೀದು ಮಾಸ್ತರ? ನಿನ್ನಿನ ಮೊಸರಾಗ ಜೀವ ಹುಟ್ಟಿರ್ತಾವ. ಅದನ್ನ ನಾ ಹಾಲಿಗೆ ಹಾಕೂದಿಲ್ಲ. ಕಾಸಿದ ಹಾಲಾಗ ತೆಂಗಿನ ಚಿಪ್ಪಿನ ಚೂರ ಹಾಕ್ತೀನಿ, ಹೆಪ್ಪಾಕ್ಕೈತಿ. ದಿನಾ ಹೊಸಾದು.” ಮತ್ತೆ ಫಾರ್ಮಿನಲ್ಲಿ ಮನೆಯದು ಎಂದು ಯಾಕೆ ಹೇಳಿದೆ ಎಂದರೆ, “ಚಿಪ್ಪ ನಮ್ಮ ಮನೀದಲ್ಲೇನ?” ಎಂದಳು.

ಸೂಕ್ಷ್ಮಜೀವಿಗಳ ಮೇಡಂ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟರು. ತಾವು ದೊಡ್ಡ ಯಂತ್ರದಲ್ಲಿ ಹುಡುಕುವ ಜೀವಿಗಳನ್ನು ಈ ಅಜ್ಜಿ ಯಂತ್ರವಿಲ್ಲದೆಯೇ ಲೆಕ್ಕಕ್ಕೆ ಹಿಡಿದು, ಅವುಗಳಿಗೆ ನೋವಾಗದಿರಲಿ ಎಂದು ಮೊಸರಿನ ದಾರಿಯನ್ನೇ ಬದಲಿಸಿದ್ದಳು! ಮೇಡಂ ತಮ್ಮ ಕೈಯಿಂದಲೇ ಅವಳ ಮೊಸರನ್ನು ತುಂಬಿಕೊಂಡು ಹೋದರು. ಹದಿನೈದು ದಿನಕ್ಕೆ ಫಲಿತಾಂಶ ಬಂತು. ಪಕ್ಕಕ್ಕಿಟ್ಟಿದ್ದ ಶೀಸೆಯಲ್ಲಿ ಇದ್ದದ್ದೂ ಅಜ್ಜಿಯ ಈ ಹೊಸ ಮೊಸರಿನ ಬಳಗವೇ, ಚಾಚೂ ತಪ್ಪದಂತೆ. ಅದು ಕೆಟ್ಟಿರಲೇ ಇಲ್ಲ, ಬೇರೆಯಾಗಿತ್ತು ಅಷ್ಟೆ. ನಾನು ಒಂದೇ ಗಡಿಗೆಯಿಂದ ಶೀಸೆಗಳನ್ನು ತುಂಬಿದ್ದರೆ ಈ ಒಂದು ಎಲ್ಲಿಂದ ಬರಬೇಕಿತ್ತು? ಸಾಹೇಬರು ಫೋನು ಮಾಡದೆ ತಂಡದೊಂದಿಗೆ ತಾವೇ ಬಂದರು. ಓಣಿಯ ನಡುವೆ ನಿಂತು, ಎಲ್ಲರಿಗೂ ಕೇಳುವಂತೆ, “ಮಾಸ್ತರೇ, ನನ್ನದು ತಪ್ಪಾಯ್ತು. ನಿಮ್ಮ ಶೀಸೆಗಳೆಲ್ಲ ಸರಿಯಾಗಿವೆ. ನಮ್ಮ ಪ್ರಶ್ನೆಯೇ ಸರಿಯಿರಲಿಲ್ಲ,” ಎಂದರು. ಓಣಿಯನ್ನು ಕೈಬಿಡುವ ಮಾತು ಅಲ್ಲಿಗೇ ಮುಗಿಯಿತು. ಮುಂದಿನ ಕೆಲಸವೆಲ್ಲ ಇಲ್ಲಿಂದಲೇ ಶುರು ಎಂದರು ಮೇಡಂ. ನನಗೆ ಕುಣಿಯಬೇಕೆನಿಸಿತು. ಮೊಣಕಾಲು ಒಪ್ಪದ ಕಾರಣ ಶಾಂತಾಳಿಗೆ ಎರಡು ಬಟ್ಟಲು ಮೊಸರು ಬಡಿಸಲು ಹೇಳಿದೆ. ಅನಿತಾಳಿಗೆ ಹಳೆಯ ನಗುವಿನ ಕ್ಷಮೆಯನ್ನೂ ಕೇಳಿದೆ. ಯಾವ ನಗು ಎಂದು ಅವಳಿಗೆ ತಿಳಿಯಲಿಲ್ಲ.

ಓಣಿಗೆಲ್ಲ ಹಬ್ಬದ ಕಳೆ. ಹಸೀನಾಬಿಗೆ ಮಾತ್ರ ಈ ಗದ್ದಲ ಯಾಕೆಂದೇ ಗೊತ್ತಾಗಲಿಲ್ಲ. “ಅಯ್ಯ, ಒಂದ್ ಚಮಚ ಹೆಪ್ಪ ಕೊಡೂದಕ್ಕ ಇಷ್ಟ್ ಮಂದಿ ಯಾಕ ಬಂದೀರ್ರಿ?” ಎಂದಳು. ಹೊರಡುವಾಗ ಮೇಡಂ ಸಂಕೋಚದಿಂದ, ನನಗೂ ಒಂದು ಚಮಚ ಸಿಕ್ಕೀತೇ, ಮನೆಗೆ, ಎಂದು ಕೇಳಿದರು. ಹಸೀನಾಬಿ ಪಡುವಣದ ಕಡೆ ನೋಡಿದಳು. ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಯಾರೂ ಹಾಲು ಮೊಸರು ಹೊರಗೆ ಕೊಡುವುದಿಲ್ಲ. “ಲಗೂನ ತಗೋರಿ ಬಾಯಾರ, ಹೊತ್ತ ಮುಳಗಾಕತ್ತೈತಿ,” ಎನ್ನುತ್ತ ಓಡಿ ಹೋಗಿ ಪುಟ್ಟ ಡಬ್ಬಿ ತಂದಳು. ಅದನ್ನು ಮೇಡಂ ಮಡಿಲಲ್ಲೇ ಇಟ್ಟುಕೊಂಡು ಜೀಪಿನಲ್ಲಿ ಹೋದರು.

ಈಗ ನನ್ನ ಊಟದ ಪದ್ಧತಿಯೇ ಬದಲಾಗಿದೆ. ನಾನು, ನನ್ನ ಹೊಟ್ಟೆ ಎಂದು ಮೊದಲಿನಂತೆ ಠೀವಿಯಿಂದ ಹೇಳಲು ಬಾಯಿ ಬರುವುದಿಲ್ಲ. ಒಳಗೆ ಹಸೀನಾಬಿಯ ಅತ್ತೆಯ ಕಾಲದವರು ಬಂದು ಹೋಗಿ ಮಾಡುತ್ತಿರುವಾಗ ನನ್ನದು ಎಂಬುದು ಎಷ್ಟು?

ಮೊನ್ನೆ ಮೇಡಂ ಫೋನು ಮಾಡಿದ್ದರು. ಕೆಲಸದ ಮಾತೆಲ್ಲ ಮುಗಿದ ಮೇಲೆ, ನಿಮ್ಮಲ್ಲಿ ಮೊಸರು ಹೇಗಾಗುತ್ತಿದೆ ಎಂದು ವಿಚಾರಿಸಿದೆ. ಬಹಳ ಚೆನ್ನಾಗಿ, ಗಟ್ಟಿಯಾಗಿ, ನೆರೆಮನೆಯವರೂ ಕೇಳಿಕೊಂಡು ಒಯ್ದರು, ಎಂದರು. ಹಳೆಯ ಪರೀಕ್ಷಕನ ಬುದ್ಧಿ, ಸುಮ್ಮನಿರಲಿಲ್ಲ. ಕೈಯಲ್ಲಿ ಫಾರ್ಮು ಹಿಡಿದವನಂತೆ ಗಂಟಲು ಸರಿಮಾಡಿಕೊಂಡು, “ಹೆಪ್ಪು ಎಲ್ಲೀದ್ರಿ ಮೇಡಂ?” ಎಂದೆ.

ಮೇಡಂ ಒಂದು ಗಳಿಗೆಯೂ ಯೋಚಿಸಲಿಲ್ಲ.

“ನಮ್ಮ ಮನೆಯದೇ ಸರ್.”