ಹೊಳೆಯಿಂದ ಬಂದ ಕೌದಿ

ಹುಲಿಗೆಮ್ಮನವರು ಹರಿಹರದ ಶಾಲೆಯಲ್ಲಿ ನನ್ನ ಬಳಿ ಓದಿದ ಶಿವಮೂರ್ತಿಯ ತಾಯಿ. ಗಂಡ ಮಾಲತೇಶಪ್ಪ ತುಂಗಭದ್ರೆಯಲ್ಲಿ ಬಲೆ ಹಾಕಿ ಮೀನು ಹಿಡಿಯುವವರು. ನಿವೃತ್ತನಾಗಿ ದಾವಣಗೆರೆಯ ಎಂ.ಸಿ.ಸಿ. ಬಡಾವಣೆಗೆ ಬಂದ ಮೇಲೂ ನಾನು ಹೊಳೆಯ ಸ್ನಾನಕ್ಕೆಂದು ಅಮಾವಾಸ್ಯೆಗೊಮ್ಮೆ ಹರಿಹರದ ಬಸ್ಸು ಹತ್ತುತ್ತೇನೆ. ಹೋದಾಗಲೆಲ್ಲ ಆಕೆ ಮೊಣಕಾಲುದ್ದ ನೀರಿನಲ್ಲಿ ನಿಂತು, ತುದಿಗೆ ಕೊಕ್ಕೆ ಕಟ್ಟಿದ ಬಿದಿರಿನ ಗಳದಿಂದ ಬಟ್ಟೆಗಳನ್ನು ದಡಕ್ಕೆ ಎಳೆಯುತ್ತಿರುವುದನ್ನು ಕಂಡಿದ್ದೇನೆ.

ಮನೆಯಲ್ಲಿ ದೊಡ್ಡ ಕಾಯಿಲೆ ಕಳೆದ ಮೇಲೆ, ಇಲ್ಲವೇ ಸೂತಕ ತೀರಿದ ಮೇಲೆ ಹೊಳೆಯಲ್ಲಿ ಮುಳುಗಿ, ಉಟ್ಟ ಬಟ್ಟೆಯನ್ನು ಅಲ್ಲಿಯೇ ನೀರಿಗೆ ಬಿಟ್ಟು ಬರುವುದು ನಮ್ಮ ಕಡೆಯ ರೂಢಿ. ಅದರೊಡನೆ ದೋಷವೂ ಹರಿದುಹೋಗುತ್ತದೆಂಬ ನಂಬಿಕೆ. ಹಿಂದೆ ಹೊಳೆಯ ತುಂಬ ನೀರಿತ್ತು, ಬಿಡುವ ಮಂದಿಯೂ ಕಡಿಮೆ. ಈಗ ಬಿಟ್ಟದ್ದು ಹರಿಯುವುದೇ ಇಲ್ಲ. ಪಾಲಿಸ್ಟರ್ ಸೀರೆಗಳು ಕೊಳೆಯುವುದೂ ಇಲ್ಲ. ಬೇಸಿಗೆಯಲ್ಲಿ ನೀರು ತಗ್ಗಿದಾಗ ಬಂಡೆಗಳಿಗೆ ಸುತ್ತಿಕೊಂಡು ನಾರುತ್ತವೆ. ಮಾಲತೇಶಪ್ಪನವರ ಬಲೆಗೆ ಮೀನಿಗಿಂತ ಸೀರೆಗಳೇ ಹೆಚ್ಚು ಬೀಳತೊಡಗಿದಾಗ ಹುಲಿಗೆಮ್ಮ ಗಳ ಹಿಡಿದರು. ಯಾರೂ ಹೇಳಿದ್ದಲ್ಲ, ಯಾರೂ ಕೂಲಿ ಕೊಟ್ಟದ್ದೂ ಇಲ್ಲ.

ಎಳೆದದ್ದನ್ನು ದಡದಲ್ಲಿ ಬಿಟ್ಟರೆ ಮುಂದಿನ ಮಳೆಗೆ ಮತ್ತೆ ಹೊಳೆಗೇ ಸೇರುತ್ತದೆ. ಆದ್ದರಿಂದ ಬಟ್ಟೆಗಳನ್ನು ಹಂಡೆಯಲ್ಲಿ ಕುದಿಸಿ, ಒಗೆದು, ಒಣಗಿಸಿ, ತುಂಡುಗಳನ್ನು ಪದರ ಪದರವಾಗಿ ಜೋಡಿಸಿ ಕೌದಿ ಹೊಲಿಯತೊಡಗಿದರು. ಮಂದಿಯ ದೋಷವನ್ನೆಲ್ಲ ಮನೆಗೆ ಹೊರುತ್ತಾಳೆಂದು ಓಣಿಯವರು ಆಡಿಕೊಂಡರು. ಆಕೆ ಹೊಲಿಗೆ ಬಿಡಲಿಲ್ಲ.

ಸೊಸೆ ಸುಷ್ಮಾ ಚೊಚ್ಚಿಲ ಹೆರಿಗೆಗೆಂದು ಗುತ್ತೂರಿನ ತವರಿಗೆ ಹೋದಾಗ, ಹುಲಿಗೆಮ್ಮ ಮೆತ್ತನೆಯ ಹತ್ತಿ ಸೀರೆಗಳನ್ನೇ ಆರಿಸಿ ಎರಡು ತಿಂಗಳು ಕೂತು ಒಂದು ಪುಟ್ಟ ಕೌದಿ ಹೊಲಿದರು. ಹುಟ್ಟುವ ಮೊಮ್ಮಗು ತಮ್ಮ ಕೈಯ ಕೌದಿಯ ಮೇಲೆ ಮಲಗಬೇಕು. ಅವರಿಗಿದ್ದುದು ಅದೊಂದೇ ಆಸೆ.

ತೊಟ್ಟಿಲು ಶಾಸ್ತ್ರದ ದಿನ ಹುಲಿಗೆಮ್ಮನವರೊಡನೆ ನಾನೂ ಗುತ್ತೂರಿಗೆ ಹೋಗಿದ್ದೆ. ಸುಷ್ಮಾಳ ತಾಯಿ ಅಂಜಿನವ್ವ ಕೌದಿಯನ್ನು ಕೈಗೆ ತೆಗೆದುಕೊಂಡು ಹೊಲಿಗೆಯನ್ನು ಹೊಗಳಿದರು. ತೊಟ್ಟಿಲಿಗೆ ಹಾಸಲು ಬಿಡಿಸಿದವರು ಹಾಗೆಯೇ ನಿಂತುಬಿಟ್ಟರು. ನಟ್ಟನಡುವೆ ಒಂದು ಹಸಿರು ತುಂಡು. ಅದರ ಮೇಲೆ ಹಳದಿ ದಾರದಲ್ಲಿ ಹಾಕಿದ ತೇಪೆ. ಹಿಂದಿನ ವರ್ಷ ಗಂಡ ಆಸ್ಪತ್ರೆಯಿಂದ ಉಳಿದು ಬಂದಾಗ ಅವರೇ ಹೊಳೆಗೆ ಬಿಟ್ಟ ಸೀರೆ ಅದು. ತೇಪೆಯೂ ಅವರ ಕೈಯದೇ.

“ಬೀಗರೇ, ಇದು ನಾನು ಬಿಟ್ಟ ಸೀರಿ,” ಎಂದರು. “ನಮ್ಮನಿ ಪೀಡೆ ಹೋಗ್ಲಿ ಅಂತ ಬಿಟ್ಟಿದ್ದು. ತಿರುಗಿ ಕೂಸಿನ ಮೈಮೇಲೆ ತಂದ್ರಲ್ಲ.”

ಹುಲಿಗೆಮ್ಮನವರಿಗೂ ಅದು ಯಾರ ಸೀರೆಯೆಂದು ಆವರೆಗೆ ತಿಳಿದಿರಲಿಲ್ಲ. ತೇಪೆಯನ್ನು ಸವರುತ್ತ ಹೇಳಿದರು:

“ಈ ಹಸಿರು ಸೀರಿ ನೆನಪೈತ್ರಿ ನನಗ. ಎಲ್ಲೂ ಹರಕೊಂಡು ಹೋಗ್ಲಿಲ್ಲ ಅದು. ನಮ್ಮನಿಯವರ ಬಲೀಗೆ ಸಿಕ್ಕು ಬಲಿ ಹರೀತು. ನಾಕು ದಿನ ಮೀನಿಲ್ಲದ ಕುಂತ್ವಿ. ಅದ್ರಾಗೇನು ಪೀಡೆ ಇತ್ತೋ, ಅದನ್ನ ನಾವು ಉಂಡು ಮುಗಿಸೀವಿ ಬೀಗರೇ. ಇದು ಬರೀ ಬಟ್ಟೆ.”

ಸುಷ್ಮಾ ಮಗುವನ್ನು ಎತ್ತಿಕೊಂಡು ಕಾಯುತ್ತಿದ್ದಳು. ಕೊನೆಗೆ ಅಂಜಿನವ್ವ ಕೌದಿಯನ್ನು ಹೆಗಲ ಮೇಲೆ ಹಾಕಿಕೊಂಡು ಅಂಗಳಕ್ಕೆ ನಡೆದರು.

“ಇನ್ನೊಂದು ತಾಸು ಬಿಸಿಲಿಗೆ ಹಾಕ್ತೀನ್ರಿ. ನನ್ನ ಸಮಾಧಾನಕ್ಕ.”

ಶಾಸ್ತ್ರ ಒಂದು ತಾಸು ತಡವಾಯಿತು. ಅಷ್ಟು ಹೊತ್ತೂ ಬೀಗಿತಿಯರಿಬ್ಬರು ಕಟ್ಟೆಯ ಮೇಲೆ ಕುಳಿತು ಕೌದಿಯನ್ನು ಆಗಾಗ ಮಗುಚಿ ಹಾಕುತ್ತಿದ್ದರು. ಆಮೇಲೆ ಮಗು ಅದರ ಮೇಲೆ ಮಲಗಿತು, ಮಲಗಿದೊಡನೆ ಅದನ್ನು ಒದ್ದೆಯೂ ಮಾಡಿತು. ಎಲ್ಲರಿಗಿಂತ ಮೊದಲು ನಕ್ಕವರು ಅಂಜಿನವ್ವ.

ಮುಂದಿನ ಅಮಾವಾಸ್ಯೆಗೆ ನಾನು ಹೊಳೆಯ ಮೆಟ್ಟಿಲ ಮೇಲಿದ್ದಾಗ ಅಂಜಿನವ್ವ ಮುಳುಗು ಹಾಕಲು ಬಂದಿದ್ದರು. ಮೈದುನನ ಸೂತಕ ತೀರಿದ ದಿನ. ಬೇರೆ ಸೀರೆ ಉಟ್ಟು, ಒದ್ದೆ ಸೀರೆಯನ್ನು ಹಿಡಿದು ನೀರಿನ ಕಡೆಗೆ ಎರಡು ಹೆಜ್ಜೆ ಇಟ್ಟರು. ಆಚೆ ಹುಲಿಗೆಮ್ಮ ಗಳದಿಂದ ಯಾವುದೋ ಬಟ್ಟೆಯನ್ನು ಬಿಡಿಸುತ್ತಿದ್ದರು. ಅಂಜಿನವ್ವ ಅಲ್ಲಿಯೇ ನಿಂತು ಸೀರೆಯನ್ನು ಗಟ್ಟಿಯಾಗಿ ಹಿಂಡಿ, ನಾಲ್ಕು ಮಡಿಕೆ ಮಾಡಿ, ದಡದಲ್ಲಿದ್ದ ಬೀಗಿತಿಯ ಬಟ್ಟೆ ಬುಟ್ಟಿಯಲ್ಲಿ ಇಟ್ಟರು.